ಮುರಕಲ್ಲಿನ ಮೇಲಿನ ಒಂದು ಗೇಣು ಮಣ್ಣು

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ರಸ್ತೆಗೋ ಮನೆಯಡಿಗೋ ಗುಡ್ಡ ಕಡಿದಲ್ಲಿ ನಿಂತು ಬರೆಯನ್ನು, ಅಂದರೆ ಕಡಿದ ಗೋಡೆಯನ್ನು, ಮೇಲಿನಿಂದ ಕೆಳಗೆ ನೋಡಿ. ಮೇಲೆ ಹೆಚ್ಚೆಂದರೆ ಒಂದು ಗೇಣು ಕಪ್ಪು ಛಾಯೆಯ ಮಣ್ಣು. ಅದರಡಿ ಮುರದ ಹರಳು ಬೆರೆತ ಕೆಂಪು ಮಣ್ಣು, ಮತ್ತೆ ಮುರ ಅಥವಾ ಮುರಕಲ್ಲು ಎಂಬ ಕೆಂಪು ಕಲ್ಲು, ಅದಕ್ಕೂ ಕೆಳಗೆ ಬಿಳಿ ಅಥವಾ ನಸುಗೆಂಪು ಶೇಡಿ, ಅಂದರೆ ಮೆತ್ತಗಿನ ಜೇಡಿ. ತಳದಲ್ಲಿ ಗಟ್ಟಿ ಬಂಡೆ. ಮೇಲಿನ ಪದರಗಳೆಲ್ಲ ಬಹುಮಟ್ಟಿಗೆ ಆ ಬಂಡೆಯೇ ಕೊಳೆತು ಆದದ್ದು.

ಕೊಳೆಸಿದ್ದು ಮಳೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಸುರಿಯುತ್ತದೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಇಂಗಾಲದ ಡೈಆಕ್ಸೈಡ್ ಕರಗಿ ತುಸು ಹುಳಿಯಾದ ನೀರು ಬಂಡೆಯೊಳಗಿನ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಶ್‌ಗಳನ್ನು ಮೊದಲು ತೊಳೆಯಿತು. ಬಹುಕಾಲದ ಮೇಲೆ ಸಿಲಿಕವನ್ನೂ. ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂ, ಕೆಯೋಲಿನ್ ಎಂಬ ಜೇಡಿ. ಬೇಸಗೆಯಲ್ಲಿ ಆ ಕಬ್ಬಿಣ ಗಾಳಿ ತಾಗಿ ತುಕ್ಕಾಗಿ ಅಂಟಿಕೊಳ್ಳುತ್ತದೆ. ಒಳಗೆ ಕೊಡಲಿಗೆ ಸಿಗುವಷ್ಟು ಮೆತ್ತಗಿರುವ ಮುರ ಹೊರಗೆ ಬಂದು ಒಣಗಿದ ಮೇಲೆ ಮತ್ತೆ ಮೆತ್ತಗಾಗುವುದಿಲ್ಲ. ಸ್ಕಾಟ್ಲೆಂಡಿನ ಸರ್ವೇಕ್ಷಕ ಫ್ರಾನ್ಸಿಸ್ ಬುಕಾನನ್ ಕೇರಳದ ಮಲಪ್ಪುರಂನ ಅಂಗಾಡಿಪ್ಪುರಂನಲ್ಲಿ ಇದನ್ನು ಕಂಡು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ 'ಲ್ಯಾಟರೈಟ್' ಎಂದು 1807ರಲ್ಲಿ ಹೆಸರಿಟ್ಟದ್ದು ಈ ಗುಣಕ್ಕೇ.

ಹಾಗಾಗಿ ನಮ್ಮದು ಹಳೆಯ, ತೊಳೆದುಹೋದ ಮಣ್ಣು. ಕೆಯೋಲಿನ್‌ಗೆ ಪೋಷಕಾಂಶ ಹಿಡಿದಿಡುವ ಶಕ್ತಿ ತೀರ ಕಡಿಮೆ. ಆ ಕೆಲಸ ಮಾಡುವುದು ಮೇಲಿನ ಗೇಣು ಮಣ್ಣಿನಲ್ಲಿರುವ ಕೊಳೆತ ಸೊಪ್ಪು. ಜೆಸಿಬಿಯಿಂದ ಗುಡ್ಡ ಕಡಿದು ತಟ್ಟು (ಮೆಟ್ಟಿಲಿನಂಥ ಸಮತಟ್ಟು) ಮಾಡುವಾಗ ಆ ಗೇಣನ್ನೇ ಮೊದಲು ತಗ್ಗಿಗೆ ದೂಡಿ, ಅದರ ಮೇಲೆ ಮುರ ಹರಡುವುದು ಅತಿ ದೊಡ್ಡ ತಪ್ಪು. ಮೇಲ್ಮಣ್ಣನ್ನು ಮೊದಲು ಕೆರೆದು ಬದಿಗೆ ರಾಶಿ ಹಾಕಿಸಿ, ತಟ್ಟು ಆದ ಮೇಲೆ ವಾಪಸು ಹರಡಿಸಿ. ಬಾಡಿಗೆ ಕೆಲವು ಗಂಟೆ ಹೆಚ್ಚಾಗುತ್ತದೆ. ಆಗಲಿ.

ತೆಂಗಿಗೆ ಗಟ್ಟಿ ಮುರದಲ್ಲಿ ಉದ್ದ, ಅಗಲ, ಆಳ 1.2 ಮೀಟರಿನ ಗುಂಡಿ ಬೇಕು. ನೆಡುವ ಆರು ತಿಂಗಳು ಮೊದಲೇ ಗುಂಡಿಯ ತಳಕ್ಕೆ 2 ಕಿಲೊ ಉಪ್ಪು ಹಾಕಿದರೆ ಮುರ ಸಡಿಲಾಗುತ್ತದೆ. ಆಮೇಲೆ ತೆಂಗಿನ ಸಿಪ್ಪೆಯನ್ನು ಒಳಗಿನ ಟೊಳ್ಳು ಭಾಗ ಮೇಲಾಗಿ ಎರಡು ಪದರ ಜೋಡಿಸಿ, ಮೇಲ್ಮಣ್ಣು ತುಂಬಿ. ಅಗೆದ ಮುರವನ್ನೇ ತಿರುಗಿ ತುಂಬಬೇಡಿ.

ಇನ್ನು ಮಣ್ಣಿನ ಹುಳಿ. ಹುಳಿಯ ಅಳತೆ ಪಿಎಚ್; ಅದು ಇಳಿದಷ್ಟೂ ಹುಳಿ ಹೆಚ್ಚು. ಅದು 5.5ಕ್ಕಿಂತ ಇಳಿದಂತೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಕೆಡಿಸುತ್ತದೆ, ಬೇರು ಮೋಟಾಗುತ್ತದೆ. ಹಾಕಿದ ರಂಜಕವನ್ನು ಕಬ್ಬಿಣ ಹಿಡಿದುಬಿಡುತ್ತದೆ. ಅಡಿಕೆ ಮರವೊಂದಕ್ಕೆ ಎರಡು ಮೂರು ವರ್ಷಕ್ಕೊಮ್ಮೆ ಮಾರ್ಚ್–ಏಪ್ರಿಲ್‌ನಲ್ಲಿ ಅರ್ಧ ಕಿಲೊ ಸುಣ್ಣ ಬುಡದ ಸುತ್ತ ಎರಚಿ, ಹಗುರ ಕೊತ್ತಿ ಮಣ್ಣಿಗೆ ಸೇರಿಸಿ. ಸುಣ್ಣದ ಜೊತೆಗೇ ಯೂರಿಯ ಹಾಕಿದರೆ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ. ರಂಜಕ ಕೊಡುವ ಕಲ್ಲುಪುಡಿ ಗೊಬ್ಬರ ರಾಕ್ ಫಾಸ್ಫೇಟ್ ಕರಗಲು ಹುಳಿಯೇ ಬೇಕು, ಅದನ್ನೂ ಸುಣ್ಣದೊಡನೆ ಹಾಕಬಾರದು. ಕೆಲವು ವಾರ ಅಂತರವಿರಲಿ. ವರ್ಷಕ್ಕೆ ಮರಕ್ಕೆ 12 ಕಿಲೊ ಸೊಪ್ಪು, ಅಷ್ಟೇ ಹಟ್ಟಿಗೊಬ್ಬರ ತಪ್ಪಿಸಬೇಡಿ. ಮಳೆ ಪ್ರತಿ ವರ್ಷವೂ ತೊಳೆಯುತ್ತಲೇ ಇದೆ.