ಕುದಿ ಬಂದ ಮೇಲೆ ಉರಿ ಏರಿಸಿ ಏನು ಸಿಗುತ್ತದೆ?

"ಅಕ್ಕಾ, ರಾತ್ರಿಯಿಡೀ ನೆನೆಸಿದ ಕಡಲೆ. ಊರಲ್ಲಿ ಇಷ್ಟು ಹೊತ್ತಿಗೆ ಬೆಂದಿರುತ್ತಿತ್ತು. ಇಲ್ಲಿ ಯಾಕೆ ಬೇಯಲ್ಲ?"

ಮಂಗಳೂರಿನಿಂದ ಮಡಿಕೇರಿಗೆ ಬಂದು ಹೋಮ್‌ಸ್ಟೇ ಅಡುಗೆಮನೆ ಸೇರಿದ್ದ ಹುಡುಗಿ ಕೇಳಿದ್ದು. ಉರಿ ಪೂರ್ತಿ ಏರಿಸಿದ್ದಳು. ನೀರು ಕೊತಕೊತ ಕುದಿಯುತ್ತಿತ್ತು. ಕಡಲೆ ಮಾತ್ರ ಗಟ್ಟಿ.

ಅಡುಗೆಯವರಿಗೆ ತರಬೇತಿ ಕೊಡುವಾಗ ನಾನು ಮೊದಲು ಥರ್ಮಾಮೀಟರ್ ಕೈಗೆ ಕೊಡುತ್ತೇನೆ. ಸಣ್ಣ ಉರಿಯಲ್ಲಿ ಕುದಿಯುವ ನೀರನ್ನು ಅಳೆಯಿರಿ. ಉರಿ ಏರಿಸಿ ಮತ್ತೆ ಅಳೆಯಿರಿ. ಎರಡೂ ಒಂದೇ! ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ. ಹಾಗಾಗಿ ನೀರು 96 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ, ಮಂಗಳೂರಿನಲ್ಲಿ 100ಕ್ಕೆ. ಕುದಿ ಬಂದ ಮೇಲೆ ಕೊಟ್ಟ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚು. ಗ್ಯಾಸೂ ಹೋಯಿತು, ನೀರೂ ಹೋಯಿತು. ಕಡಲೆಗೆ ಸಿಕ್ಕಿದ್ದು ಅದೇ 96. ಕುಕ್ಕರಿಗೆ ಹಾಕಿ, ಒಳಗಿನ ಒತ್ತಡ ಏರಿ ನೀರು 115 ಡಿಗ್ರಿ ದಾಟುತ್ತದೆ.

ಆವಿ ನುಂಗಿದ ಶಾಖ ಎಲ್ಲಿ ಹೋಯಿತು? ಕಡಂಬುಟ್ಟು, ಅಂದರೆ ಕೊಡಗಿನ ಅಕ್ಕಿತರಿಯ ಉಂಡೆಯನ್ನು ಆವಿಯಲ್ಲಿ ಬೇಯಿಸುವವರಿಗೆ ಇದು ಗೊತ್ತಿರಬೇಕು. 1 ಗ್ರಾಂ ನೀರನ್ನು 1 ಡಿಗ್ರಿ ಬಿಸಿ ಮಾಡಲು 1 ಕ್ಯಾಲೊರಿ ಸಾಕು. ಅದೇ 1 ಗ್ರಾಂ ಕುದಿಯುವ ನೀರು ಆವಿಯಾಗಲು ಸುಮಾರು 540 ಬೇಕು. ಆವಿ ತಣ್ಣಗಿನ ಉಂಡೆಗೆ ತಾಗಿ ಮತ್ತೆ ನೀರಾದಾಗ ಆ 540ನ್ನೂ ಉಂಡೆಗೇ ಒಪ್ಪಿಸುತ್ತದೆ. ಮುಚ್ಚಳ ತೆಗೆಯುವಾಗ ಕೈಗೆ ಆವಿ ಬಡಿದರೆ ಅಷ್ಟೊಂದು ಸುಡುವುದೂ ಇದಕ್ಕೇ. ಮುಚ್ಚಳವನ್ನು ನಿಮ್ಮಿಂದ ಆಚೆಗೆ ವಾಲಿಸಿ ಎತ್ತಿ, ದಯವಿಟ್ಟು.

ಆದ್ದರಿಂದ ಉಂಡೆಗಳನ್ನು ಒತ್ತೊತ್ತಾಗಿ ತುಂಬಬೇಡಿ. ಸುತ್ತಲೂ ಆವಿ ತಾಗಲಿ. ಇನ್ನೊಂದು ವಿಷಯ, ಗಾತ್ರ. ಹೊರಮೈಗೆ ಬಂದ ಶಾಖ ಹಿಟ್ಟಿನೊಳಗೆ ತುಂಬಾ ನಿಧಾನವಾಗಿ ಇಳಿಯುತ್ತದೆ. ಉಂಡೆಯ ಅಗಲ ಎರಡರಷ್ಟಾದರೆ ನಡುಭಾಗ ಬಿಸಿಯಾಗಲು ಹೆಚ್ಚುಕಡಿಮೆ ನಾಲ್ಕರಷ್ಟು ಹೊತ್ತು ಬೇಕು. ಒಂದು ನಿಂಬೆಹಣ್ಣಿನಷ್ಟು, ಇನ್ನೊಂದು ಕಿತ್ತಳೆಯಷ್ಟು ಕಟ್ಟಿ ಒಟ್ಟಿಗೆ ಇಟ್ಟರೆ ದೊಡ್ಡದರ ಒಳಗೆ ಹಸಿ ಉಳಿಯುತ್ತದೆ. ತರಿಯನ್ನು ಮೊದಲೇ ನೀರಲ್ಲಿ ಬೇಯಿಸಿರುತ್ತೇವೆ, ನಿಜ. ಆದರೂ ತಿನ್ನುವವರಿಗೆ ವ್ಯತ್ಯಾಸ ಗೊತ್ತಾಗುತ್ತದೆ ಅಲ್ವಾ?

ಪಂದಿ ಕರಿಗೆ (ಕೊಡಗಿನ ಹಂದಿಮಾಂಸದ ಸಾರು) ಈ 96ರ ಚಿಂತೆಯೇ ಬೇಡ. ಮಾಂಸದಲ್ಲಿನ ಗಟ್ಟಿ ನಾರು ಮೆತ್ತಗಾಗಲು 80-90 ಡಿಗ್ರಿ ಸಾಕು, ಹೊತ್ತು ಮಾತ್ರ ಜಾಸ್ತಿ ಬೇಕು. ಜೋರಾಗಿ ಕುದಿಸಿದರೆ ತಳ ಸೀಯುತ್ತದೆ, ಅದರಲ್ಲೂ ತೆಳ್ಳಗಿನ ಸ್ಟೀಲ್ ಪಾತ್ರೆಯಲ್ಲಿ. ಸ್ಟೀಲಿಗಿಂತ ಅಲ್ಯೂಮಿನಿಯಂ ಹತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ಹರಡುತ್ತದೆ. ಸ್ಟೀಲ್‌ನಲ್ಲಿ ಉರಿ ತಾಗಿದ ಜಾಗವೇ ಕಾದು ಮಸಾಲೆ ಅಲ್ಲೇ ಹಿಡಿದುಕೊಳ್ಳುತ್ತದೆ. ದಪ್ಪ ತಳದ ಪಾತ್ರೆ ಇಡಿ. ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟು ಉರಿ ಇರಲಿ. ಕಾಚಂಪುಳಿಯನ್ನು (ಕೊಡಗಿನ ಕಪ್ಪು ಹುಳಿರಸ) ಮಾಂಸ ಬೆಂದ ಮೇಲೆ, ಕೊನೆಗೆ ಹಾಕಿ.