ತವರಿಗೆ ಹೋದ ಬಸುರಿ, ದಾಖಲೆಗೆ ಸಿಗದ ಆಶಾ ಕೆಲಸ

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮಲ್ಲಿ ಹಳೆಯ ವಾಡಿಕೆ. ಸೀಮಂತ ಮುಗಿಯುತ್ತಲೇ ಬಸುರಿ ಊರು ಬಿಡುತ್ತಾಳೆ. ಅಲ್ಲಿಯವರೆಗೆ ಅವಳ ಹೆಸರು ನೋಂದಾಯಿಸಿ, ತಾಯಿ ಕಾರ್ಡ್ ಮಾಡಿಸಿ, ತಪಾಸಣೆಗೆ ಕರೆದೊಯ್ದು, ಕಬ್ಬಿಣಾಂಶದ ಮಾತ್ರೆ ತಪ್ಪದಂತೆ ನೋಡಿಕೊಂಡವರು ಗಂಡನ ಊರಿನ ಆಶಾ ಕಾರ್ಯಕರ್ತೆ. ಹೆರಿಗೆ ಆಗುವುದು ಬೇರೆ ತಾಲ್ಲೂಕಿನಲ್ಲಿ. ಮಾಡಿದಷ್ಟಕ್ಕೆ ಹಣ ಎಂಬ ಲೆಕ್ಕ ಇಲ್ಲೇ ಎಡವುತ್ತದೆ.

ಆಸ್ಪತ್ರೆ ಹೆರಿಗೆಯನ್ನು ಪ್ರೋತ್ಸಾಹಿಸುವ ಜನನಿ ಸುರಕ್ಷಾ ಯೋಜನೆಯಲ್ಲಿ ಹಳ್ಳಿಯ ಆಶಾಗೆ 600 ರೂಪಾಯಿ: ಗರ್ಭಿಣಿ ಆರೈಕೆಗೆ 300, ಆಸ್ಪತ್ರೆ ಹೆರಿಗೆಗೆ 300. ಎರಡನೆಯದು ಕೈತಪ್ಪುವುದು ಸರಿ ಎನ್ನೋಣ. ಮೊದಲನೆಯದೂ ಸಿಕ್ಕಿಹಾಕಿಕೊಳ್ಳುತ್ತದೆ. ಆ ಆರೈಕೆಯ ಕೊನೆಯ, ಅಂದರೆ ನಾಲ್ಕನೇ ತಪಾಸಣೆ 36 ವಾರ ತುಂಬಿದ ಮೇಲಿನದು. ಆ ಹೊತ್ತಿಗೆ ಬಸುರಿ ತವರಲ್ಲಿರುತ್ತಾಳೆ. ಅಲ್ಲಿ ಹೊಸದಾಗಿ ನೋಂದಣಿ ಮಾಡಿಬಿಟ್ಟರೆ ತಾಯಿ-ಮಗುವಿನ ಆರೈಕೆ ದಾಖಲಿಸುವ ಸರ್ಕಾರದ ಆರ್‌ಸಿಎಚ್ ಪೋರ್ಟಲ್‌ನಲ್ಲಿ ಒಬ್ಬಳೇ ಹೆಣ್ಣುಮಗಳಿಗೆ ಎರಡು ದಾಖಲೆ, ಎರಡೂ ಅರ್ಧಂಬರ್ಧ. ಈ ಪೋರ್ಟಲ್‌ಗೆ ಪ್ರೋತ್ಸಾಹಧನವನ್ನು ಜೋಡಿಸಬೇಡಿ ಎಂದು ರಾಜ್ಯದ ಆಶಾಗಳು ಬೀದಿಗಿಳಿದು ಕೇಳಿದ್ದಕ್ಕೆ ಇಂಥ ಕಾರಣಗಳಿವೆ.

ಬಾಣಂತಿಯ ಮನೆಭೇಟಿಯದು ಇನ್ನೂ ಬಿಗಿ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ, ಒಟ್ಟು ಆರು ಭೇಟಿಗೆ 250 ರೂಪಾಯಿ. ಭೇಟಿಯೊಂದಕ್ಕೆ 42 ರೂಪಾಯಿಯೂ ಬೀಳದು. ಅಷ್ಟಕ್ಕೆ ಮಗುವಿನ ತೂಕ, ಮೈಬಿಸಿ, ಹೊಕ್ಕುಳು, ಹಾಲು ಕುಡಿಯುವ ರೀತಿ ಎಲ್ಲ ನೋಡಬೇಕು. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. 60 ಅಥವಾ ಹೆಚ್ಚಿದ್ದರೆ ಮತ್ತೊಮ್ಮೆ ಎಣಿಸಿ, ಆಗಲೂ ಅಷ್ಟೇ ಇದ್ದರೆ ತಡಮಾಡದೆ ಆಸ್ಪತ್ರೆಗೆ. ಬಾಣಂತಿ ನಡುವೆ ಊರು ಬದಲಿಸಿದರೆ ಇಬ್ಬರು ಆಶಾಗಳ ಭೇಟಿಯ ನಮೂನೆಯೂ ಅಪೂರ್ಣ.

ಆಶಾಗಳೇ, ಹೀಗೆ ಮಾಡಿದರೆ ನಷ್ಟ ಕಡಿಮೆ. ಬಸುರಿ ಹೊರಡುವ ಮುನ್ನವೇ ತಾಯಿ ಕಾರ್ಡ್‌ನ ತಪಾಸಣೆ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ಆರ್‌ಸಿಎಚ್ ಸಂಖ್ಯೆ, ಹೊರಟ ದಿನ, ತವರೂರಿನ ಆಶಾ ಫೋನ್ ನಂಬರ್ ಡೈರಿಯಲ್ಲಿರಲಿ. ಅಲ್ಲಿನವರಿಗೆ ಕರೆ ಮಾಡಿ, ಹೆಸರಿನಿಂದ ಹುಡುಕದೆ ಹಳೆಯ ಸಂಖ್ಯೆಯಲ್ಲೇ ಮುಂದುವರಿಸಲು ಹೇಳಿ. ಸಿಸ್ಟರ್ ಸಹಿಯನ್ನು ಆಯಾ ತಿಂಗಳೇ ಹಾಕಿಸಿ. ಮೂರು ತಿಂಗಳ ನಂತರ ಯಾರಿಗೂ ನೆನಪಿರುವುದಿಲ್ಲ. ಮಾಸಿಕ ಸಭೆಯಲ್ಲಿ ಕೇಳಿದ ಮೊತ್ತ, ಬಂದ ಮೊತ್ತ ಬಾಬ್ತುವಾರು ತಾಳೆ ನೋಡಿ. ತಿರಸ್ಕೃತವಾದದ್ದಕ್ಕೆ ಕಾರಣವನ್ನು ಬರಹದಲ್ಲೇ ಪಡೆಯಿರಿ.

ಆದರೆ ಹೊರೆಯೆಲ್ಲ ಆಶಾ ತಲೆಯ ಮೇಲೇ ಏಕೆ? ಈ ಹುದ್ದೆಗೆ ಹೆಂಗಸರನ್ನು ಮಾತ್ರ ಆರಿಸುತ್ತಾರೆ, ಆರಿಸಿದ ಮೇಲೆ ಸ್ವಯಂಸೇವಕಿ ಎನ್ನುತ್ತಾರೆ. ಆರೋಗ್ಯ ಕ್ಷೇತ್ರದಲ್ಲಿ ಹೆಂಗಸರ ಗಳಿಕೆ ಗಂಡಸರಿಗಿಂತ ಸುಮಾರು ಶೇ 24ರಷ್ಟು ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2022ರಲ್ಲಿ ಹೇಳಿದವು. ಅದು ಸಂಬಳ ಪಡೆಯುವವರ ಲೆಕ್ಕ. ಸಂಬಳವೇ ಇಲ್ಲದ ಆಶಾ ಆ ಅಂತರದಿಂದಲೂ ಹೊರಗೆ. ಆಶಾ, ಅಂಗನವಾಡಿಯಂಥ ಸರ್ಕಾರಿ ಯೋಜನೆಗಳ ಕಾರ್ಯಕರ್ತೆಯರನ್ನು ಕಾರ್ಮಿಕರೆಂದು ಮಾನ್ಯ ಮಾಡಿ, ಕನಿಷ್ಠ ವೇತನ ಕೊಡಿ ಎಂದು ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಒಟ್ಟಿಗೆ ಕೂರುವ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ ಶಿಫಾರಸು ಮಾಡಿದ್ದು 2013ರಲ್ಲಿ. ಅದು ಜಾರಿಯಾದರೆ ಬಸುರಿ ಯಾವ ಊರಲ್ಲಿ ಹೆತ್ತಳು ಎಂಬುದು ಆರೈಕೆಗೆ ಬೇಕಾದ ಮಾಹಿತಿಯಾಗಿ ಉಳಿಯುತ್ತದೆ, ಆಶಾಳ ತಿಂಗಳ ರೇಷನ್ನನ್ನು ನಿರ್ಧರಿಸುವುದಿಲ್ಲ.