ವ್ಯಾಟ್ ಕೇಳುವ ಮುನ್ನ ಬೀಮ್ ನೋಡಿ

ಹೊಸ ಕಲ್ಯಾಣ ಮಂಟಪವಿರಲಿ, ಸಮುದಾಯ ಭವನವಿರಲಿ, ಕಾಲೇಜಿನ ಸಭಾಂಗಣವಿರಲಿ, ಟ್ರಸ್ಟ್‌ನವರು ಫೋನ್ ಮಾಡಿದಾಗ ಮೊದಲು ಕೇಳುವುದು ಒಂದೇ: ‘ಸಾರ್, ನಮ್ಮ ಹಾಲ್‌ಗೆ ಎಷ್ಟು ವ್ಯಾಟ್ ಬೇಕಾಗುತ್ತೆ?’ ಅದರ ಬೆನ್ನಿಗೇ, ಯಾವ ಕಂಪನಿಯದು ಒಳ್ಳೇದು ಅಂತ. ಸ್ಪೀಕರನ್ನು ಎಲ್ಲಿ ತೂಗುಹಾಕುತ್ತೀರಿ, ಅದರ ಭಾರವನ್ನು ಕಟ್ಟಡದ ಯಾವ ಭಾಗ ಹೊರುತ್ತದೆ ಎಂದು ವಿಚಾರಿಸುವವರು ತೀರಾ ವಿರಳ. ನಾನು ಕೆಲಸ ಮಾಡುವ ಕ್ರಮ ಇದಕ್ಕೆ ಪೂರ್ತಿ ತಿರುವು. ಮೊದಲು ಕಟ್ಟಡ, ಆಮೇಲೆ ಸ್ಪೀಕರ್ ಇರಬೇಕಾದ ಜಾಗ, ಆಮೇಲೆ ಅದನ್ನು ಹಿಡಿದಿಡುವ ಕಬ್ಬಿಣ, ಅನಂತರ ಬಾಕ್ಸ್, ಕಟ್ಟಕಡೆಗೆ ಆಂಪ್ಲಿಫೈಯರ್. ಈ ಕ್ರಮ ತಪ್ಪಿದರೆ ಕೊಟ್ಟ ದುಡ್ಡಿಗೆ ತಕ್ಕ ಧ್ವನಿಯೂ ಸಿಗುವುದಿಲ್ಲ, ಜನರ ತಲೆಯ ಮೇಲೆ ತೂಗುವ ಇಪ್ಪತ್ತೈದು ಮೂವತ್ತು ಕೆ.ಜಿ. ಭಾರಕ್ಕೆ ಭದ್ರತೆಯೂ ಇರುವುದಿಲ್ಲ.

ತಾಲ್ಲೂಕು ಕೇಂದ್ರದ ಒಂದು ಸಾಧಾರಣ ಮಂಟಪವನ್ನೇ ತೆಗೆದುಕೊಳ್ಳಿ. 30 ಮೀಟರ್ ಉದ್ದ, 15 ಮೀಟರ್ ಅಗಲ, 7 ಮೀಟರ್ ಎತ್ತರ. ನೆಲಕ್ಕೆ ಗ್ರಾನೈಟ್, ಗೋಡೆಗೆ ನುಣುಪಾದ ಪ್ಲಾಸ್ಟರ್, ಮೇಲೆ ಆರ್‌ಸಿಸಿ ಸ್ಲ್ಯಾಬ್. ಧ್ವನಿಯನ್ನು ಹೀರಿಕೊಳ್ಳುವ ವಸ್ತು ಒಳಗೆ ಒಂದೂ ಇಲ್ಲ. ಹಾಲ್‌ನ ಗಾತ್ರ ಮತ್ತು ಧ್ವನಿ ಹೀರುವಿಕೆಯಿಂದ ಗುಂಗಿನ ಅವಧಿ ತಿಳಿಸುವ ಸಬೀನ್ ಸೂತ್ರದಲ್ಲಿ ಲೆಕ್ಕ ಹಾಕಿದರೆ, ಖಾಲಿ ಇರುವಾಗ ಇಂಥ ಹಾಲ್‌ನಲ್ಲಿ ಒಂದು ಚಪ್ಪಾಳೆಯ ಗುಂಗು ಪೂರ್ತಿ ಅಡಗಲು ಆರು ಸೆಕೆಂಡಿನಷ್ಟು ಬೇಕು. ನಾನೂರು ಜನ ಕೂತರೆ ಅವರ ಮೈ, ಬಟ್ಟೆಬರೆಯೇ ಧ್ವನಿಯನ್ನು ಹೀರಿ ಅದು ಎರಡು ಸೆಕೆಂಡಿಗೆ ಇಳಿಯುತ್ತದೆ. ಭಾಷಣ ಸ್ಪಷ್ಟವಾಗಿ ಕೇಳಬೇಕಾದರೆ ಒಂದು ಸೆಕೆಂಡಿನ ಆಸುಪಾಸಿನಲ್ಲಿರಬೇಕು. ಖಾಲಿ ಹಾಲ್‌ನಲ್ಲಿ ‘ಹಲೋ, ಮೈಕ್ ಟೆಸ್ಟಿಂಗ್’ ಅಂದು ನೋಡಿ ಸ್ಪೀಕರ್ ಕೆಟ್ಟದ್ದು ಎಂದು ತೀರ್ಮಾನಿಸುವವರು ಈ ವ್ಯತ್ಯಾಸ ಗಮನಿಸಬೇಕು. ಮಾತು ಕಲಸಿಹೋದಾಗ ವಾಲ್ಯೂಮ್ ಏರಿಸಿದರೆ ಮಾತಿನ ಜೊತೆ ಗುಂಗೂ ಅಷ್ಟೇ ಏರುತ್ತದೆ. ಅಂಥ ಕಡೆ ನಾನು ಮೊದಲು ಸಲಹೆ ಮಾಡುವುದು ಹಿಂಬದಿಯ ಗೋಡೆಗೆ ಧ್ವನಿ ಹೀರುವ ಪ್ಯಾನೆಲ್, ಕಿಟಕಿಗಳಿಗೆ ನೆರಿಗೆಯಿರುವ ದಪ್ಪ ಪರದೆ. ಸ್ಪೀಕರ್‌ಗಿಟ್ಟ ಹಣದಲ್ಲಿ ಒಂದು ಪಾಲನ್ನು ಇದಕ್ಕೆ ತಿರುಗಿಸಿದರೆ ಫಲ ಹೆಚ್ಚು.

ಈಗ ಜಾಗ. ವೇದಿಕೆಯ ಎರಡು ಬದಿಗೆ ಸ್ಟ್ಯಾಂಡ್ ಮೇಲೆ ಬಾಕ್ಸ್ ಇಡುವುದು ರೂಢಿ. ಮುಂದಿನ ಸಾಲು ಅದಕ್ಕೆ 3 ಮೀಟರ್ ದೂರ, ಹಿಂದಿನ ಸಾಲು 24 ಮೀಟರ್. ದೂರ ಇಮ್ಮಡಿಯಾದಾಗಲೆಲ್ಲ ನೇರ ಧ್ವನಿ 6 ಡೆಸಿಬಲ್ ಇಳಿಯುತ್ತದೆ. 3ರಿಂದ 24ಕ್ಕೆ ಮೂರು ಬಾರಿ ಇಮ್ಮಡಿ, ಅಂದರೆ 18 ಡೆಸಿಬಲ್ ಕಡಿಮೆ. ಹಿಂದಿನವರಿಗೆ ಕೇಳಲೆಂದು ಏರಿಸಿದರೆ ಮುಂದೆ ಕೂತ ಹಿರಿಯರು ಕಿವಿ ಮುಚ್ಚಿಕೊಳ್ಳುತ್ತಾರೆ. ಅದೇ ಬಾಕ್ಸನ್ನು ಕೂತವರ ಕಿವಿಯಿಂದ 4 ಮೀಟರ್ ಮೇಲಕ್ಕೆ ಏರಿಸಿ, ಹಾರ್ನ್‌ನ (ಮೇಲಿನ ಕಂಪನಾಂಕಗಳನ್ನು ಒಂದು ದಿಕ್ಕಿಗೆ ಎಸೆಯುವ ಬಾಯಿ) ಮುಖವನ್ನು ಕೊನೆಯ ಸಾಲುಗಳಿಗೆ ಬಾಗಿಸಿ. ಮುಂದಿನ ಸಾಲಿಗೆ ದೂರ ಈಗ 5 ಮೀಟರ್. ವ್ಯತ್ಯಾಸ 14 ಡೆಸಿಬಲ್‌ಗಿಂತ ಕೆಳಗೆ ಬಂತು. ಮೇಲಾಗಿ ಮುಂದಿನ ಸಾಲಿನವರು ಹಾರ್ನ್‌ನ ನೇರ ದಿಕ್ಕಿನಿಂದ ನಲವತ್ತು ಡಿಗ್ರಿಗೂ ಹೆಚ್ಚು ಕೆಳಗೆ ಉಳಿಯುವುದರಿಂದ, ವ್ಯಂಜನಗಳು ಸ್ಪಷ್ಟವಾಗುವ ಮೇಲಿನ ಕಂಪನಾಂಕಗಳು ಅವರ ಕಡೆಗೆ ಇನ್ನಷ್ಟು ಇಳಿದೇ ಬರುತ್ತವೆ. ಹೊಸ ಬಾಕ್ಸ್ ಕೊಳ್ಳದೆ, ಒಂದು ವ್ಯಾಟ್ ಸೇರಿಸದೆ, ಮುಂದೆ ಹಿಂದೆ ಕೂತವರಿಗೆ ಹತ್ತಿರ ಹತ್ತಿರ ಒಂದೇ ಮಟ್ಟದಲ್ಲಿ ಕೇಳುತ್ತದೆ. ಮೈಕ್ ಕೂಗುವ ಕಾಟವೂ ತಗ್ಗುತ್ತದೆ, ಯಾಕೆಂದರೆ ವೇದಿಕೆಯ ಮೈಕ್‌ಗಳು ಸ್ಪೀಕರ್‌ನ ಹಿಂಬದಿಗೆ, ಕೆಳಗೆ ಉಳಿದುಬಿಡುತ್ತವೆ.

ವ್ಯಾಟ್‌ನ ಪ್ರಶ್ನೆಗೆ ಇಲ್ಲಿ ಉತ್ತರ ಸಿಗುತ್ತದೆ. ಬಾಕ್ಸ್‌ನ ವಿವರಪಟ್ಟಿಯಲ್ಲಿ ಮೊದಲು ನೋಡಬೇಕಾದ್ದು ಸೆನ್ಸಿಟಿವಿಟಿ: ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಎಂಬ ಸಂಖ್ಯೆ. 97 ಡೆಸಿಬಲ್ ಇರುವ ಬಾಕ್ಸ್ ಒಂದು ವ್ಯಾಟ್‌ಗೆ 24 ಮೀಟರ್ ಆಚೆ ಸುಮಾರು 69 ಡೆಸಿಬಲ್ ಮುಟ್ಟಿಸುತ್ತದೆ. 100 ವ್ಯಾಟ್‌ಗೆ 89. ಮಾತಿಗೆ, ಹರಿಕಥೆಗೆ, ಸುಗಮ ಸಂಗೀತಕ್ಕೆ ಇದು ಧಾರಾಳ. 91 ಡೆಸಿಬಲ್‌ನ ಬಾಕ್ಸ್ ಕೊಂಡರೆ ಅಷ್ಟೇ ಧ್ವನಿಗೆ ನಾಲ್ಕು ಪಟ್ಟು ಪವರ್ ಬೇಕು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ‘1000 ವ್ಯಾಟ್’ ಎಂದಿದ್ದರೆ ಅದು ಬಹುಪಾಲು ಪೀಕ್ ಲೆಕ್ಕ, ಅಂದರೆ ಕ್ಷಣಕಾಲ ಮಾತ್ರ ತಡೆಯುವುದು; ಏರಿಳಿತವಿರುವ ಮಾತು, ಸಂಗೀತಕ್ಕೆ ಹೇಳುವ ‘ಪ್ರೋಗ್ರಾಂ’ ಲೆಕ್ಕ 500, ಸತತವಾಗಿ ತಡೆದುಕೊಳ್ಳುವುದು 250. ಹೋಲಿಸುವುದಾದರೆ ಸತತ ಸಂಖ್ಯೆಯನ್ನೇ ಹೋಲಿಸಿ. ಪಿಎಂಪಿಓ (ಪೀಕ್‌ಗಿಂತಲೂ ಉಬ್ಬಿಸಿ ಹೇಳುವ ವ್ಯಾಟ್ ಲೆಕ್ಕ) ಎಂದು ಬರೆದಿರುವ ವಸ್ತುವನ್ನು ಸಾರ್ವಜನಿಕ ಸ್ಥಳಕ್ಕೆ ತರಲೇಬೇಡಿ.

ಈಚೆಗೆ ಎಲ್ಲರಿಗೂ ಲೈನ್ ಅರೇ ಬೇಕು, ಅಂದರೆ ಒಂದೇ ಸ್ಪೀಕರ್‌ನಂತೆ ನುಡಿಯಲೆಂದು ಉದ್ದಸಾಲಾಗಿ ತೂಗಿದ ಬಾಕ್ಸ್‌ಗಳು. ನಾಲ್ಕು ಸಣ್ಣ ಬಾಕ್ಸ್ ಒಂದರ ಕೆಳಗೊಂದು ಕಟ್ಟಿದ ಮಾತ್ರಕ್ಕೆ ಆ ಗುಣ ಬರುವುದಿಲ್ಲ. ಸಾಲು ಎಷ್ಟು ಉದ್ದವಿದೆಯೋ ಅಷ್ಟು ತರಂಗಾಂತರದವರೆಗೆ ಮಾತ್ರ ಅದು ಧ್ವನಿಯನ್ನು ಮೇಲೆ ಕೆಳಗೆ ಚೆದುರದಂತೆ ಹಿಡಿದಿಡಬಲ್ಲದು. ಒಂದು ಮೀಟರ್ ಉದ್ದಕ್ಕೆ ಸುಮಾರು 340 ಹರ್ಟ್ಜ್ ಮತ್ತು ಅದಕ್ಕಿಂತ ಮೇಲಿನವು ಮಾತ್ರ; ಅದಕ್ಕಿಂತ ಕೆಳಗಿನವು ಚೆದುರುತ್ತವೆ. ಭಾಷಣ, ಪೂಜೆ, ಪುರೋಹಿತರ ಮಂತ್ರವೇ ಮುಖ್ಯವಾದ ಗುಂಗು ತುಂಬಿದ ಹಾಲ್‌ಗಳಿಗೆ ನಾನು ಆರಿಸುವುದು ಒಳ್ಳೆಯ ಕಾಲಂ ಸ್ಪೀಕರ್, ಅಂದರೆ ಸಣ್ಣ ಸ್ಪೀಕರ್‌ಗಳನ್ನು ಒಂದರ ಮೇಲೊಂದು ಜೋಡಿಸಿದ ಕಂಬದಂಥ ಬಾಕ್ಸ್. ಅದು ಅಗಲಕ್ಕೆ ಹರಡುತ್ತದೆ, ಸ್ಲ್ಯಾಬಿಗೂ ನೆಲಕ್ಕೂ ಧ್ವನಿ ಚೆಲ್ಲುವುದಿಲ್ಲ. ಆರ್ಕೆಸ್ಟ್ರಾ, ನೃತ್ಯ ನಡೆಯುವ ಕಡೆ ಹನ್ನೆರಡು ಇಂಚಿನ ಟು-ವೇ ಬಾಕ್ಸ್ (ಕೆಳ ಮತ್ತು ಮೇಲಿನ ಕಂಪನಾಂಕಗಳಿಗೆ ಬೇರೆ ಬೇರೆ ಸ್ಪೀಕರ್ ಇರುವುದು), ನೆಲದ ಮೇಲೆ ಬೇಸ್‌ಗೆಂದು ಸಬ್‌ವೂಫರ್ ಸಾಕು. ಬಾಲ್ಕನಿಯ ಕೆಳಗೆ ಕೂತವರಿಗೆ ಪ್ರತ್ಯೇಕ ಸಣ್ಣ ಸ್ಪೀಕರ್ ಬೇಕಾಗುತ್ತದೆ; ಮುಖ್ಯ ಸ್ಪೀಕರ್‌ನಿಂದ ಅದು 15 ಮೀಟರ್ ಆಚೆ ಇದ್ದರೆ ಅದಕ್ಕೆ ಸುಮಾರು 44 ಮಿಲಿಸೆಕೆಂಡ್, ಜೊತೆಗೆ ಇನ್ನೊಂದು ಹತ್ತು ಹದಿನೈದು ಮಿಲಿಸೆಕೆಂಡ್ ವಿಳಂಬ ಕೊಡಬೇಕು. ಇಲ್ಲದಿದ್ದರೆ ಒಂದೇ ಮಾತು ಎರಡೆರಡು ಬಾರಿ ಕೇಳುತ್ತದೆ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ: ತೂಗುಹಾಕುವುದು.

ಬಾಕ್ಸ್ ಕೊಳ್ಳುವಾಗಲೇ ಅದರ ಮೈಮೇಲೆ ಎಂ8 ಅಥವಾ ಎಂ10 (8 ಅಥವಾ 10 ಮಿ.ಮೀ.) ಬೋಲ್ಟ್ ತಿರುಗಿಸಿ ಕೂರಿಸುವ ತೂಗು ಬಿಂದುಗಳಿವೆಯೇ, ತಯಾರಕರೇ ಹೇಳಿದ ಬ್ರಾಕೆಟ್ ಇದೆಯೇ ನೋಡಿ. ಬಾಡಿಗೆ ಮೈಕ್‌ಸೆಟ್‌ನವರು ಒಯ್ಯುವ ಪ್ಲಾಸ್ಟಿಕ್ ಬಾಕ್ಸ್‌ನ ಹಿಡಿಕೆ ಕೈಯಲ್ಲಿ ಎತ್ತಲು ಮಾತ್ರ. ಆ ಹಿಡಿಕೆಗೆ ಚೈನ್ ಪೋಣಿಸಿ ಜನರ ಮೇಲೆ ತೂಗುಬಿಟ್ಟ ಹಾಲ್‌ಗಳನ್ನು ನೋಡಿದ್ದೇನೆ. ಕಟ್ಟಡದ ಬೈಂಡಿಂಗ್ ವೈರ್‌ನಲ್ಲಿ ಬಿಗಿದದ್ದನ್ನೂ ನೋಡಿದ್ದೇನೆ. ಇವನ್ನು ಆ ದಿನವೇ ಇಳಿಸಬೇಕು. ಮುಂದಿನ ಕಾರ್ಯಕ್ರಮ ಮುಗಿಯಲಿ ಎಂದು ಕಾಯಬಾರದು.

ಗೋಡೆಗೆ ಬ್ರಾಕೆಟ್ ಹಾಕುವಾಗ ಆಗುವ ತಪ್ಪು ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬಾಕ್ಸ್ 25 ಕೆ.ಜಿ. ಅದರ ಭಾರದ ಕೇಂದ್ರ ಗೋಡೆಯಿಂದ 40 ಸೆಂ.ಮೀ. ಮುಂದಿದೆ. ಬ್ರಾಕೆಟ್‌ನ ಮೇಲಿನ ಬೋಲ್ಟ್‌ಗೂ ಕೆಳಗಿನ ಬೋಲ್ಟ್‌ಗೂ ನಡುವೆ 20 ಸೆಂ.ಮೀ. ಮೇಲಿನ ಬೋಲ್ಟ್‌ಗಳನ್ನು ಗೋಡೆಯಿಂದ ಹೊರಕ್ಕೆ ಎಳೆಯುವ ಬಲ 25 ಕೆ.ಜಿ. ಇರುವುದಿಲ್ಲ, 50 ಕೆ.ಜಿ. ಆಗುತ್ತದೆ, ಅದೂ ಹಗಲೂ ರಾತ್ರಿ, ಬೇಸ್ ಬಡಿದಾಗಲೆಲ್ಲ ನಡುಗುತ್ತ. ಗೋಡೆ ಟೊಳ್ಳು ಬ್ಲಾಕ್‌ನದ್ದೋ ಹಗುರ ಎಎಸಿ ಬ್ಲಾಕ್‌ನದ್ದೋ ಆಗಿದ್ದರೆ ಪ್ಲಾಸ್ಟಿಕ್ ಪ್ಲಗ್ಗು, ಸ್ಕ್ರೂ ಇದನ್ನು ತಾಳುವುದಿಲ್ಲ. ಆರ್‌ಸಿಸಿ ಕಂಬಕ್ಕೆ ಹಾಕಿ. ಕಂಬ ಸಿಗದಿದ್ದರೆ ಗೋಡೆಯ ಆಚೆ ಬದಿಗೂ ಹಾಯುವ ಬೋಲ್ಟ್, ಅಲ್ಲಿ ಅಗಲವಾದ ಉಕ್ಕಿನ ಪ್ಲೇಟ್. ಪ್ಲಾಸ್ಟರ್‌ನ ದಪ್ಪವನ್ನು ಆಂಕರ್‌ನ (ಕಾಂಕ್ರೀಟ್ ಅಥವಾ ಗೋಡೆಯೊಳಗೆ ಕೂರಿಸುವ ಬೋಲ್ಟ್) ಆಳಕ್ಕೆ ಸೇರಿಸಿ ಎಣಿಸಬೇಡಿ.

ಸ್ಲ್ಯಾಬ್‌ನಿಂದ ಕೆಳಕ್ಕೆ ತೂಗುಬಿಡುವಾಗ ಅಂಟಿನಿಂದ ಕೂರಿಸುವ ಕೆಮಿಕಲ್ ಆಂಕರ್ ಬಗ್ಗೆ ಎಚ್ಚರ ಬೇಕು. 2006ರ ಜುಲೈನಲ್ಲಿ ಅಮೆರಿಕದ ಬೋಸ್ಟನ್‌ನ ಹೆದ್ದಾರಿ ಸುರಂಗದಲ್ಲಿ ಛಾವಣಿಯ ಕಾಂಕ್ರೀಟ್ ಹಲಗೆಗಳು ಕಾರಿನ ಮೇಲೆ ಬಿದ್ದು ಒಬ್ಬ ಮಹಿಳೆ ಸತ್ತರು. ತನಿಖೆಯಲ್ಲಿ ತಿಳಿದದ್ದೆಂದರೆ, ಬಳಸಿದ್ದ ಎಪಾಕ್ಸಿ ಸತತ ಎಳೆತಕ್ಕೆ ನಿಧಾನವಾಗಿ ಜಾರುತ್ತ ಬಂದಿತ್ತು. ಒಡನೆ ಬೀಳದೆ ವರ್ಷಗಟ್ಟಲೆ ಜಾರಿ ಬೀಳುವ ಇಂಥ ಅಪಾಯ ಕಣ್ಣಿಗೆ ಕಾಣುವುದಿಲ್ಲ. ತಲೆಯ ಮೇಲಿನ ಸತತ ಎಳೆತಕ್ಕೆ ಪ್ರಮಾಣಿತವಾದ ಆಂಕರ್ ಮಾತ್ರ ಬಳಸಿ, ಸಾಧ್ಯವಿದ್ದಲ್ಲೆಲ್ಲ ಬೀಮ್‌ಗೆ ಸುತ್ತು ಕ್ಲ್ಯಾಂಪ್ ಹಾಕಿ. ಶೀಟ್ ಛಾವಣಿಯ ಹಾಲ್‌ಗಳಲ್ಲಿ ಪರ್ಲಿನ್‌ಗೆ, ಅಂದರೆ ಶೀಟ್ ಕೂರಿಸುವ ಅಡ್ಡಪಟ್ಟಿಗೆ, ಕಟ್ಟಲೇಬಾರದು. ಅದು ಶೀಟು ಮತ್ತು ಗಾಳಿಯ ಲೆಕ್ಕಕ್ಕೆ ಹಾಕಿದ ತೆಳು ಸೆಕ್ಷನ್. ಛಾವಣಿ ಹೊರುವ ತ್ರಿಕೋನಗಳ ಚೌಕಟ್ಟಾದ ಟ್ರಸ್‌ನ ಕಬ್ಬಿಣದ ಪಟ್ಟಿಗಳು ಕೂಡುವ ಜಾಗವೇ ಸರಿ, ಅದಕ್ಕೂ ಸ್ಟ್ರಕ್ಚರಲ್ ಎಂಜಿನಿಯರ್ ಬರವಣಿಗೆಯಲ್ಲಿ ಒಪ್ಪಿಗೆ ಕೊಡಬೇಕು. ಫಾಲ್ಸ್ ಸೀಲಿಂಗ್‌ನ ಜಿ.ಐ. ಚೌಕಟ್ಟು ತನ್ನ ಜಿಪ್ಸಮ್ ಹಲಗೆಯನ್ನಷ್ಟೇ ಹೊರಬಲ್ಲದು.

ಶ್ಯಾಕಲ್ (ಪಿನ್ ಹಾಕಿ ಮುಚ್ಚುವ ‘ಯು’ ಕೊಂಡಿ), ಐ ಬೋಲ್ಟ್ (ತಲೆಯಲ್ಲಿ ಬಳೆಯಿರುವ ಬೋಲ್ಟ್), ವೈರ್ ರೋಪ್ (ಉಕ್ಕಿನ ಎಳೆಗಳ ಹಗ್ಗ), ಟರ್ನ್‌ಬಕಲ್ (ತಿರುಗಿಸಿ ಹಗ್ಗ ಬಿಗಿಸುವ ಜೋಡಣೆ) ಯಾವುದೇ ಇರಲಿ, ಅದರ ಮೈಮೇಲೆ ಹೊರಬಲ್ಲ ಭಾರ ಅಚ್ಚಾಗಿರಬೇಕು. ಅಚ್ಚಿಲ್ಲದ ವಸ್ತುವನ್ನು ಅಂಗಡಿಯವರು ಎಷ್ಟೇ ಗಟ್ಟಿ ಎಂದರೂ ಹಿಂದಿರುಗಿಸಿ. ನಾನು ಮುರಿಯುವ ಭಾರದ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಹೊರಿಸುವುದಿಲ್ಲ. ಸರಳಿನಿಂದ ಬಗ್ಗಿಸಿದ ಕೊಕ್ಕೆ ಬೇಡ. ಭುಜವಿರುವ, ಫೋರ್ಜ್ ಮಾಡಿದ ಐ ಬೋಲ್ಟ್ ಬೇಕು. ಅದನ್ನೂ ನೇರವಾಗಿ ಎಳೆಯಬೇಕು, 45 ಡಿಗ್ರಿ ಓರೆಯಾದರೆ ಅದರ ಶಕ್ತಿ ಮೂರನೇ ಒಂದಕ್ಕೆ ಇಳಿದುಬಿಡುತ್ತದೆ. ಎರಡು ಹಗ್ಗಗಳಲ್ಲಿ ತೂಗಿದಾಗ ಭಾರ ಅರ್ಧರ್ಧ ಹಂಚಿಹೋಗುತ್ತದೆ ಎಂದುಕೊಳ್ಳುತ್ತಾರೆ. ಹಗ್ಗಗಳ ನಡುವಿನ ಕೋನ 120 ಡಿಗ್ರಿ ಆದರೆ ಒಂದೊಂದು ಹಗ್ಗದ ಮೇಲೂ ಬಾಕ್ಸ್‌ನ ಪೂರ್ತಿ ಭಾರ ಬೀಳುತ್ತದೆ. ವೈರ್ ರೋಪ್‌ಗೆ ಕ್ಲಿಪ್ ಹಾಕುವಾಗ ಅದರ ಸ್ಯಾಡಲ್ (ಹಗ್ಗ ಕೂರುವ ಗಟ್ಟಿ ತಳ) ಭಾಗ ಭಾರ ಹೊರುವ ಎಳೆಯ ಕಡೆಗೆ, ‘ಯು’ ಬೋಲ್ಟ್ ಕತ್ತರಿಸಿದ ತುದಿಯ ಕಡೆಗೆ ಬರಬೇಕು. ಕನಿಷ್ಠ ಮೂರು ಕ್ಲಿಪ್. ಭಾರ ಬಿದ್ದ ಮೇಲೆ ಮತ್ತೊಮ್ಮೆ ಬಿಗಿ.

ಮುಖ್ಯ ತೂಗು ಕಳಚಿದರೆ ಹಿಡಿಯಲು ಎರಡನೆಯ ಉಕ್ಕಿನ ಹಗ್ಗ ಪ್ರತಿ ಬಾಕ್ಸ್‌ಗೂ ಕಡ್ಡಾಯ. ಅದನ್ನು ಬಾಕ್ಸ್‌ನ ಬೇರೆ ಬಿಂದುವಿನಿಂದ, ಕಟ್ಟಡದ ಬೇರೆ ಬಿಂದುವಿಗೆ ಕಟ್ಟಬೇಕು, ಸಡಿಲು ಬಿಡದೆ. ಒಂದು ಅಡಿ ಸಡಿಲಿದ್ದರೆ ಬೀಳುವ ಬಾಕ್ಸ್‌ನ ಜಗ್ಗು ಅದರ ಭಾರದ ಎಷ್ಟೋ ಪಟ್ಟಾಗಿ ಆ ಹಗ್ಗವನ್ನೇ ಹರಿಯಬಹುದು. ನೈಲಾನ್ ಹಗ್ಗ ಬೇಡ, ಬೆಂಕಿಯ ಬಿಸಿಗೆ ಕರಗುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಉಪ್ಪುಗಾಳಿಗೆ ಸಾದಾ ಜಿಂಕ್ ಲೇಪನ ಬೇಗ ತಿನ್ನಿಸಿಕೊಳ್ಳುತ್ತದೆ. ಅಲ್ಲಿ ಭಾರದ ಅಚ್ಚಿರುವ 316 ದರ್ಜೆಯ ಸ್ಟೇನ್‌ಲೆಸ್ ಹಾಕಿಸಿ.

ಮಂಟಪಗಳಲ್ಲಿ ಇನ್ನೊಂದು ಅಪಾಯ ಹೊರಗಿನಿಂದ ಬರುತ್ತದೆ. ಡೆಕೊರೇಷನ್‌ನವರು ಮೇಲೆ ಹತ್ತಿ, ಕೈಗೆ ಸಿಕ್ಕ ಸ್ಪೀಕರ್ ಬ್ರಾಕೆಟ್‌ಗೇ ಬಟ್ಟೆ, ಹೂವಿನ ಚೌಕಟ್ಟು, ಸೀರಿಯಲ್ ಸೆಟ್ ಬಿಗಿಯುತ್ತಾರೆ. ಒದ್ದೆ ಹೂವಿನ ಭಾರ ಕಡಿಮೆಯೇನಲ್ಲ, ಜೊತೆಗೆ ಬಟ್ಟೆ ಹಾರ್ನ್‌ನ ಬಾಯಿ ಮುಚ್ಚುತ್ತದೆ. ಅವರಿಗೆಂದೇ ಬೇರೆ ಕೊಕ್ಕೆಗಳನ್ನು ಹಾಕಿಸಿಕೊಟ್ಟು, ಸ್ಪೀಕರ್‌ಗೆ ಏನನ್ನೂ ಕಟ್ಟಬಾರದೆಂದು ಬಾಡಿಗೆ ಕರಾರಿನಲ್ಲೇ ಬರೆಯಿರಿ.

ವೈರಿಂಗ್ ಬಗ್ಗೆ ಎರಡು ಮಾತು. ತೆಳ್ಳಗಿನ ಅರ್ಧ ಚದರ ಮಿ.ಮೀ. ತಂತಿಯಲ್ಲಿ 30 ಮೀಟರ್ ಆಚೆಯ 4 ಓಮ್ ಲೋಡ್‌ಗೆ ಧ್ವನಿ ಕಳಿಸಿದರೆ ಸ್ಪೀಕರ್‌ಗೆ ಸಿಗಬೇಕಾದ ಪವರ್‌ನಲ್ಲಿ ಅರ್ಧವೂ ಸಿಗುವುದಿಲ್ಲ, 2.5 ಚದರ ಮಿ.ಮೀ. ತಾಮ್ರದಲ್ಲಿ ನಷ್ಟ ಒಂದು ಡೆಸಿಬಲ್‌ನ ಒಳಗೆ. ಊಟದ ಹಾಲ್‌ನ ಸೀಲಿಂಗ್ ಸ್ಪೀಕರ್‌ಗಳಿಗೆ 100 ವೋಲ್ಟ್ ಲೈನ್ (ಹೆಚ್ಚು ವೋಲ್ಟೇಜಿನಲ್ಲಿ ಕಳಿಸಿ ಪ್ರತಿ ಸ್ಪೀಕರ್‌ನ ಟ್ರಾನ್ಸ್‌ಫಾರ್ಮರ್‌ನಲ್ಲಿ ಇಳಿಸುವ ವ್ಯವಸ್ಥೆ) ಅನುಕೂಲ. ಎಲ್ಲ ಟ್ಯಾಪ್‌ಗಳ (ಪ್ರತಿ ಸ್ಪೀಕರ್‌ಗೆ ಆರಿಸಿಟ್ಟ ವ್ಯಾಟ್) ಮೊತ್ತ ಆಂಪ್ಲಿಫೈಯರ್‌ನ ಶೇ. 80 ದಾಟದಿರಲಿ: 120 ವ್ಯಾಟ್‌ಗೆ 6 ವ್ಯಾಟ್‌ನ ಹದಿನಾರು. ಜೋರಾಗಿ ನುಡಿಯುವಾಗ ಆ ತಂತಿ ಮುಟ್ಟಿದರೆ ಶಾಕ್ ಹೊಡೆಯುತ್ತದೆ, ಆದ್ದರಿಂದ ಆಂಪ್ ಆರಿಸಿಯೇ ಕೈಹಾಕಿ. ಹಮ್ ಬರುತ್ತದೆಂದು ಅರ್ಥಿಂಗ್ ಪಿನ್ ಕಿತ್ತುಹಾಕುವ ಅಭ್ಯಾಸ ಪ್ರಾಣಕ್ಕೆ ಕುತ್ತು. ಮೈಕ್ ಹಿಡಿದವರ ಕೈಗೆ ಕರೆಂಟ್ ಬರುವುದು ಹೀಗೆಯೇ.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸಬಾರದೆಂಬ ನಿರ್ಬಂಧದಿಂದ 2000ದ ಶಬ್ದಮಾಲಿನ್ಯ ನಿಯಮಗಳು ಮುಚ್ಚಿದ ಸಭಾಂಗಣಗಳಿಗೆ ವಿನಾಯಿತಿ ಕೊಟ್ಟಿವೆ. ಆದರೆ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಗಾಳಿಗೆಂದು ಎತ್ತರದ ಕಿಟಕಿಗಳನ್ನೆಲ್ಲ ತೆರೆದಿಟ್ಟ ಮಂಟಪವನ್ನು ಮುಚ್ಚಿದ ಜಾಗ ಎನ್ನಲಾಗದು, ಬೇಸ್ ಅಂತೂ ಗೋಡೆ ದಾಟಿಯೇ ಹೋಗುತ್ತದೆ. ಸಿಸ್ಟಂ ಹೊಂದಿಸುವ ದಿನವೇ ಮೀಟರ್ ಹಿಡಿದು ಕಾಂಪೌಂಡ್ ಹೊರಗೆ ಅಳೆದು, ಧ್ವನಿ ಹೊಂದಿಸುವ ಪ್ರೊಸೆಸರ್‌ನಲ್ಲಿ ನಿಗದಿತ ಮಟ್ಟ ಮೀರಗೊಡದ ಲಿಮಿಟರ್ ಹಾಕಿ ಪಾಸ್‌ವರ್ಡ್ ಇಡಿಸಿ.

ಕೊನೆಯ ಕಂತು ಕೊಡುವ ಮುಂಚೆ ಗುತ್ತಿಗೆದಾರರಿಂದ ಮೂರು ವಸ್ತು ಪಡೆಯಿರಿ: ಪ್ರತಿ ತೂಗು ಬಿಂದುವಿನ ನಕ್ಷೆ ಮತ್ತು ಫೋಟೊ, ಬಳಸಿದ ಆಂಕರ್ ಹಾಗೂ ಶ್ಯಾಕಲ್‌ಗಳ ವಿವರ, ಪ್ರೊಸೆಸರ್ ಸೆಟ್ಟಿಂಗ್‌ನ ಪ್ರತಿ. ವರ್ಷಕ್ಕೊಮ್ಮೆ ಪರೀಕ್ಷೆಗೆ ಆಷಾಢವೇ ಸೂಕ್ತ, ಮದುವೆಗಳಿಲ್ಲದೆ ಹಾಲ್ ಖಾಲಿ ಇರುತ್ತದೆ. ಏಣಿ ಹಾಕಿಸಿ ಆ ಫೋಟೊಗಳನ್ನು ಎದುರಿಗಿಟ್ಟುಕೊಂಡು ನೋಡಿ: ಶ್ಯಾಕಲ್ ಪಿನ್ ತಿರುಗಿದೆಯೇ, ಆಂಕರ್ ಸುತ್ತ ಹೊಸ ಬಿರುಕಿದೆಯೇ, ಹಗ್ಗದ ಎಳೆ ಬಿಚ್ಚಿದೆಯೇ, ತುಕ್ಕಿದೆಯೇ, ಬಣ್ಣ ಬಳಿದವರು ಏನಾದರೂ ಕಳಚಿದ್ದಾರೆಯೇ. ಫೋಟೊಗೂ ಕಣ್ಣಿಗೆ ಕಂಡದ್ದಕ್ಕೂ ಒಂದು ಕಡೆ ವ್ಯತ್ಯಾಸವಿದ್ದರೂ ಆ ಬಾಕ್ಸನ್ನು ಕೆಳಗಿಳಿಸಿ, ಸರಿಮಾಡಿಸಿದ ಮೇಲೆಯೇ ಶ್ರಾವಣದ ಮೊದಲ ಬುಕಿಂಗ್ ತೆಗೆದುಕೊಳ್ಳಿ.